ಬಿಸಿ ಕೆರೆಯ ತಂಪು ಸಾರು

ಬೇಸಿಗೆ ಬಂತೆಂದರೆ ನಮ್ಮ ವಿದ್ಯಾರಣ್ಯಪುರಂನಲ್ಲಿ ಯಾರ ಮನೆಗೆ ಹೋದರೂ ಒಂದೇ ದೂರು. ಮೈ ಉಷ್ಣ, ಕಣ್ಣುರಿ, ಉರಿಮೂತ್ರ. ಮಜ್ಜಿಗೆ ಕುಡಿಯಿರಿ, ಎಳನೀರು ಕುಡಿಯಿರಿ, ಬೇಡ ಅಂದವರು ಯಾರು? ಕೆಲವರಿಗೆ ಅದು ಸಾಲದು. ಕೆರೆಗಿಳಿದು ಕಪ್ಪೆಚಿಪ್ಪು ಬಾಚಿ ತಂದು, ಅದರ ಮಾಂಸದ ಸಾರು ಕುಡಿಯಬೇಕು. ಅದು ತಂಪಂತೆ! ಆ ಮಾತು ಕೇಳಿದರೆ ಈಗಲೂ ನನ್ನ ಮೈ ಉರಿಯುತ್ತದೆ. ಯಾಕೆಂದು ಹೇಳುತ್ತೇನೆ.

ನಾನು ದೇವೀರಮ್ಮ, ಈ ಬಡಾವಣೆಯ ಹೆರಿಗೆ ನರ್ಸು. ಹೋದ ವರ್ಷ, ೧೯೬೧ರ ಮೇ ತಿಂಗಳು, ಭಾಗ್ಯಮ್ಮ ಎಂಬ ಆರು ತಿಂಗಳ ಬಸುರಿಯನ್ನು ನೋಡಲು ಹೋಗಿದ್ದೆ. ಹುಡುಗಿ ಗೋಡೆಗೊರಗಿ ಕುಳಿತಿದ್ದಳು, ಮುಖದಲ್ಲಿ ಕಳೆಯೇ ಇಲ್ಲ. ಬೆಳಗಿನಿಂದ ಏಳು ಸಲ ವಾಂತಿ, ಮೇಲೆ ಭೇದಿ. ಅವಳ ಅತ್ತೆ ಪುಟ್ಟತಾಯಮ್ಮ ಬಟ್ಟಲನ್ನು ಅವಳ ಬಾಯಿಗೆ ಹಿಡಿದಿದ್ದಳು.

"ಏನಮ್ಮ ಅದು?" ಎಂದೆ.

"ಕಪ್ಪೆಚಿಪ್ಪಿನ ಸಾರು ಕಣಮ್ಮ. ನೆನ್ನೆನೂ ಕೊಟ್ಟಿದ್ದೆ. ಉಷ್ಣ ನೆತ್ತಿಗೆ ಏರ್ಬುಟ್ಟದೆ, ಅದಕ್ಕೇ ವಾಂತಿ. ಇನ್ನೊಸಿ ಕುಡುದ್ರೆ ತಂಪಾಯ್ತದೆ."

ಬಟ್ಟಲು ಕಿತ್ತುಕೊಂಡು ಬಚ್ಚಲಿಗೆ ಸುರಿದೆ. ಒಲೆಯ ಮೇಲಿದ್ದ ಪಾತ್ರೆಯನ್ನೂ ಸುರಿದೆ. ಪುಟ್ಟತಾಯಮ್ಮ ಬಾಯಿಗೆ ಬಂದಂತೆ ಬೈದಳು. ಬೈಯಲಿ! ಪಕ್ಕದ ಮನೆಯವರನ್ನು ಕೂಗಿ ಜಟಕಾ ತರಿಸಿದೆ. ಭಾಗ್ಯಮ್ಮನ ಗಂಡ ಜವರಯ್ಯ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವತ್ತು ರಜೆ. ಬಾಗಿಲಿಗೆ ಅಡ್ಡ ನಿಂತುಬಿಟ್ಟ.

"ಆಸ್ಪತ್ರೆ ಗೀಸ್ಪತ್ರೆ ಬ್ಯಾಡ ಕಣಮ್ಮ. ನಾನೂ ಅವ್ವನೂ ಅದ್ನೇ ತಿಂದೊ. ನಮ್ಗೆ ಏನಾಯ್ತು?"

"ನೀವೆಷ್ಟು ತಿಂದ್ರಿ?"

"ರುಚಿಗೆ ಒಂದೊಂದ್ ತುಂಡು. ಉಳಿದಿದ್ದೆಲ್ಲ ಇವಳಿಗೇ. ಬಸುರಿ ಅಲ್ವರಾ?"

ನನಗೆ ಸಿಟ್ಟು ನೆತ್ತಿಗೇರಿತು. "ಪ್ರೀತಿಯಿಂದ ಎಲ್ಲಾ ಅವಳ ಹೊಟ್ಟೆಗೇ ಹಾಕಿದೀರಿ! ಕೆರೆ ಹೆಂಗಿತ್ತು, ಅದನ್ನಾದರೂ ನೋಡಿದ್ರಾ?"

"ಇಪ್ಪತ್ ವರ್ಸದಿಂದ ಅದೇ ಕೆರೆ ಚಿಪ್ಪು ತಿಂತಾ ಇವ್ನಿ. ಈ ಸಲ ನೀರು ಮೊಣಕಾಲುದ್ದ ಅಷ್ಟೆ. ಸ್ನಾನದ ನೀರಿನಂಗೆ ಬೆಚ್ಚಗಿತ್ತು."

"ಬಣ್ಣ?"

"ಹಸಿರು. ನಮ್ ಕಾರ್ಖಾನೆ ತೊಟ್ಟೀಲಿ ಕಲೆಸ್ದಂಗೆ."

"ಕಾಲು ಯಾಕೆ ಹಂಗೆ ಕೆರ್ಕೋತಾ ಇದೀರಿ?"

ಜವರಯ್ಯ ಬಗ್ಗಿ ನೋಡಿಕೊಂಡ. ಮೊಣಕಾಲಿನವರೆಗೂ ಕೆಂಪು ಗಂಧೆಗಳು. "ಕೆರೆಯಿಂದ ಬಂದಾಗ್ನಿಂದ್ಲೂ ಇಂಗೇ," ಎಂದ.

"ಕೇಳಿ ಹಾಗಾದರೆ. ನಿಂತ ನೀರು ಬಿಸಿಲಿಗೆ ಬೆಚ್ಚಗಾದಷ್ಟೂ ಅದರಲ್ಲಿ ಹಸಿರು ಪಾಚಿ ಹುಚ್ಚಾಪಟ್ಟೆ ಬೆಳೀತದೆ. ಎಲ್ಲಾ ಪಾಚಿ ಕೆಟ್ಟದ್ದಲ್ಲ. ಆದರೆ ಕೆಲವದರಲ್ಲಿ ವಿಷ ಇರ್ತದೆ, ಯಾವುದು ಅಂತ ಕಣ್ಣಿಗೆ ಗೊತ್ತಾಗಲ್ಲ. ಕಪ್ಪೆಚಿಪ್ಪು ಇಡೀ ದಿನ ಆ ನೀರನ್ನೇ ಒಳಕ್ಕೆಳ್ಕೊಂಡು ಸೋಸ್ತಾ ಇರ್ತದೆ. ಪಾಚಿ ಅದರ ಊಟ. ವಿಷ ಅದರ ಮಾಂಸದಲ್ಲೇ ಕೂತ್ಕೋತದೆ. ಚಿಪ್ಪು ಸಾಯಲ್ಲ, ತಿಂದವರು ಮಲಗ್ತಾರೆ."

"ಮೂರ್ ಸಲ ಕುದಿಸಿವ್ನಿ ಕಣಮ್ಮ! ಉಣಿಸೆಹಣ್ಣು ಬ್ಯಾರೆ ಹಾಕಿವ್ನಿ," ಎಂದು ಪುಟ್ಟತಾಯಮ್ಮ ಒಳಗಿಂದಲೇ ಕೂಗಿದಳು.

"ಕುದಿಸಿದ್ರೆ ರೋಗದ ಹುಳ ಸಾಯ್ತವೆ ಪುಟ್ಟತಾಯವ್ವ. ಈ ವಿಷ ಹುಳ ಅಲ್ಲ. ಜವರಯ್ಯ, ಪಕ್ಕಾ ಬಣ್ಣ ಹಾಕಿದ ನೂಲನ್ನ ಎಷ್ಟು ಕುದಿಸಿದ್ರೆ ಬಣ್ಣ ಹೋಗ್ತದೆ, ನೀವೇ ಹೇಳಿ."

ಅಷ್ಟರಲ್ಲಿ ಭಾಗ್ಯಮ್ಮ ಗೋಡೆ ಹಿಡಿದು ಎದ್ದು ನಿಂತಳು. ಸೊಸೆಯಾಗಿ ಬಂದ ಮೂರು ವರ್ಷದಲ್ಲಿ ಅವಳು ದನಿ ಏರಿಸಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ನಾನು ಬ್ಯಾಡ ಅಂದೆ. ಪಾಚಿ ನಾತ ಹೊಡೀತದೆ ಅಂದೆ. ಮೂಗು ಇಡ್ಕೊಂಡು ಕುಡಿ ಅಂದ್ರಿ. ನೆನ್ನೆ ಸಂಜೆಯಿಂದ ಮಗ ಒದೀತಾ ಇಲ್ಲ. ಇದಕ್ಕೇನಾರ ಆದ್ರೆ ಯಾರನ್ನ ಕೇಳ್ಲಿ ನಾನು?"

ಜವರಯ್ಯ ಬಾಗಿಲು ಬಿಟ್ಟ. ಹೆಂಡತಿಯನ್ನು ಎತ್ತಿ ಜಟಕಾದಲ್ಲಿ ಕೂರಿಸಿದ.

ಆಸ್ಪತ್ರೆಯಲ್ಲಿ ಐದು ದಿನ ಇಟ್ಟುಕೊಂಡರು. ಸಲೈನು ಏರಿಸಿದರು. ಮಗು ಮತ್ತೆ ಮಿಸುಕಾಡಿದ್ದು ಎರಡನೆಯ ದಿನ ಮಧ್ಯಾಹ್ನ. ಅಲ್ಲಿಯವರೆಗೆ ಆ ಮನೆಯವರು ಪಟ್ಟ ಪಾಡು ಶತ್ರುವಿಗೂ ಬೇಡ. ಆಗಸ್ಟಿನಲ್ಲಿ ಹೆಣ್ಣು ಮಗುವಾಯಿತು, ಎರಡೂ ಜೀವ ಉಳಿದವು. ಈಗ ಪುಟ್ಟತಾಯಮ್ಮನ ಬಾಯಿ ನನಗಿಂತ ಜೋರು. ಬೀದಿಯಲ್ಲಿ ಯಾರಾದರೂ ಚಿಪ್ಪಿನ ಬುಟ್ಟಿ ಹೊತ್ತು ಬಂದರೆ, "ನಿಂತ್ಕೊ! ಯಾವ ಕೆರೇದು?" ಎಂದು ಅಡ್ಡಗಟ್ಟುತ್ತಾಳೆ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣಂದಿರೇ, ನನ್ನ ಸಿಟ್ಟಿಗೆ ಬೇಸರಪಟ್ಟುಕೊಳ್ಳಬೇಡಿ, ಮಾತನ್ನು ಮಾತ್ರ ಕೇಳಿ. ಕೆರೆ ಬತ್ತಿ, ನೀರು ಬೆಚ್ಚಗಾಗಿ, ಹಸಿರು ಕೆನೆ ಕಟ್ಟಿದರೆ ಅಲ್ಲಿಯ ಕಪ್ಪೆಚಿಪ್ಪನ್ನು ಮುಟ್ಟಬೇಡಿ, ಆ ನೀರನ್ನು ಕುಡಿಯಬೇಡಿ, ದನಕ್ಕೂ ಕುಡಿಸಬೇಡಿ. ಒಂದು ಮಳೆ ಬಿದ್ದು ನೀರು ತಿಳಿಯಾಯಿತೆಂದು ಮಾರನೆಯ ದಿನವೇ ಬುಟ್ಟಿ ಹಿಡಿದು ಓಡಬೇಡಿ. ಚಿಪ್ಪಿನೊಳಗಿನ ವಿಷ ಇಳಿಯಲು ವಾರಗಟ್ಟಲೆ ಬೇಕು. ತಿಂದ ಮೇಲೆ ವಾಂತಿ, ಭೇದಿ, ತುಟಿ ಜುಮ್ಮೆನ್ನುವುದು, ಏನಾದರೂ ಕಂಡರೆ ಮನೆಮದ್ದು ಹುಡುಕುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಮನೆಯ ಬಸುರಿ ಹೆಂಗಸು ಒಂದು ಪದಾರ್ಥವನ್ನು ಮೂಸಿ ಬೇಡವೆಂದರೆ, ಬೇಡ ಅಷ್ಟೇ. ಭಾಗ್ಯಮ್ಮ ಮಗುವನ್ನು ಎತ್ತಿಕೊಂಡು ಮನೆಗೆ ಬಂದದ್ದು ಅವಳ ಅದೃಷ್ಟ. ಅದೃಷ್ಟವನ್ನು ನಂಬಿ ನೀವು ಒಲೆ ಹಚ್ಚಬೇಡಿ.