ಇರುವೆ ಬಾರದ ತೆಂಗಿನ ಬುಡ

ಇರುವೆ ಇಲ್ಲ, ಇವತ್ತೂ ಇಲ್ಲ, ತೆಂಗಿನ ಬುಡದ ಮಣ್ಣು ಒದ್ದೆಯಾಗಿದೆ, ಇವರು ಈಗಷ್ಟೇ ಉಚ್ಚೆ ಹೊಯ್ದು ಒಳಗೆ ಹೋಗಿದ್ದಾರೆ, ಆದರೂ ಒಂದೇ ಒಂದು ಇರುವೆ ಇಲ್ಲ — ಮುಂಬಯಿಗೆ ಹೋಗುವ ಮೊದಲು ಇಲ್ಲಿ ಕೆಂಪಿರುವೆ ಸಾಲುಗಟ್ಟುತ್ತಿತ್ತು, ಸಿಹಿಮೂತ್ರದ ಕಾಯಿಲೆಗೆ ನನಗೆ ಗೊತ್ತಿರುವ ಪರೀಕ್ಷೆ ಇದೊಂದೇ, ಇರುವೆ ಸುಳ್ಳು ಹೇಳುವುದಿಲ್ಲ, ಸುಳ್ಳು ಹೇಳುವವರು ಇವರು, ಕದ್ದು ಸಿಹಿ ತಿಂದದ್ದು ತಿಳಿಯಬಾರದೆಂದು ಬೇರೆಲ್ಲೋ ಹೊಯ್ದು ಬಂದು ಇಲ್ಲಿ ಒಂದು ಚೊಂಬು ನೀರು ಚೆಲ್ಲಿದ್ದಾರೆ, ನನ್ನನ್ನೇನು ಮಂಗ ಮಾಡುತ್ತೀರಾ. ಹೊಟ್ಟೆಯೊಳಗೆ ಕ್ಯಾನ್ಸರ್ ಅಂತೆ, ಮುಂಬಯಿಯ ಆಸ್ಪತ್ರೆಯಲ್ಲಿ ಮುಕ್ಕಾಲು ಹೊಟ್ಟೆ ಕೊಯ್ದು ತೆಗೆದರಂತೆ, ಎಲ್ಲ ಅಂತೆಯೇ, ನಾನೆಲ್ಲಿ ನೋಡಿದೆ, ಜೊತೆಗೆ ಹೋದವಳು ಇವರ ತಂಗಿ ಸೋಮಿ, ಮಹಾಯುದ್ಧ ಮುಗಿದ ಮೇಲೆ ಮತ್ತೆ ಶುರುವಾದ ಸ್ಟೀಮರಿನಲ್ಲಿ ಕುಮಟೆಗೆ ಬಂದಿಳಿದು ಹೊಸಿಲು ದಾಟುವ ಮೊದಲೇ ಅಣ್ಣ ತಂಗಿ ಒಂದೇ ಪಾಠ ಒಪ್ಪಿಸಿದರು, ಹೊಟ್ಟೆ ಕೊಯ್ದ ಮೇಲೆ ಸಕ್ಕರೆ ತನ್ನಷ್ಟಕ್ಕೆ ಇಳ್ದದೆ ಅತ್ತಿಗೆ, ಇನ್ಸುಲಿನ್ ಸೂಜಿಮದ್ದು ಅರ್ಧ ಮಾಡ್ಬೇಕಂತೆ, ಡಾಕ್ಟ್ರೇ ಹೇಳಿದ್ರು. ಹೌದೇ ಸೋಮಿ, ಕೊಯ್ದದ್ದು ಹೊಟ್ಟೆಯನ್ನು, ಸಕ್ಕರೆ ಯಾಕೆ ಇಳಿಯಬೇಕು. ಇದೇ ಬಾಯಲ್ಲವೇ, ಆ ಸಲ ಕಾಗಾಲದ ನಿನ್ನ ಮನೆಯಲ್ಲಿ ಬಟ್ಟಲು ತುಂಬ ಪಾಯಸ ಬಡಿಸಿ, ಅಣ್ಣ ಗಂಜಿ ಬಿಟ್ಟು ಎಂತದೂ ಮುಟ್ಟಲಿಲ್ಲ ಎಂದದ್ದು, ಆಮೇಲೆ ಇವರ ಕಾಲ್ಬೆರಳು ಕೊಳೆತು ಹೊನ್ನಾವರದಲ್ಲಿ ಕತ್ತರಿಸುವಾಗ ಪಕ್ಕದಲ್ಲಿ ನಿಂತವಳು ನಾನು, ಆ ವಾಸನೆ ಇನ್ನೂ ಮೂಗಿನಿಂದ ಹೋಗಿಲ್ಲ, ಅಂದಿನಿಂದ ಬೆಲ್ಲದ ಪೆಟ್ಟಿಗೆಗೆ ಬೀಗ, ಕೀಲಿಕೈ ನನ್ನ ಸೊಂಟದಲ್ಲಿ.

ಇಷ್ಟು ದಿನ ಇವರ ಮಾತು ಕೇಳಿ ಅರ್ಧ ಹಾಕಿದ್ದು ಸಾಕು, ಬೆಳಿಗ್ಗೆ ಪೂರ್ತಿ ಸೂಜಿ ಹಾಕಿದೆ. ಬೇಡ ಮಾರಾಯ್ತಿ ಎಂದರು, ತೋಳು ಹಿಂದಕ್ಕೆಳೆದುಕೊಂಡರು, ಆ ತೋಳಿನಲ್ಲೀಗ ಹಿಡಿಯಲು ಮಾಂಸವೂ ಇಲ್ಲ, ನಾನು ಬಿಡಲಿಲ್ಲ. ಆಮೇಲೆ ನಾಲ್ಕು ತುತ್ತು ಗಂಜಿಗೇ ಹೊಟ್ಟೆ ತುಂಬಿತು ಎಂದರು, ಸೋಮಿ ಏನೋ ತಿನ್ನಿಸಿರಬೇಕು, ಇಲ್ಲದಿದ್ದರೆ ಹಸಿವು ಎಲ್ಲಿ ಹೋಯಿತು — ಜಗಲಿಯ ಕಂಬಕ್ಕೆ ಯಾಕೆ ಒರಗಿದ್ದಾರೆ, ಇದೇನು ಬೆವರು, ಅಂಗಿ ಹಿಂಡುವಷ್ಟು, ಎಂತ ಆತು ನಿಮಗೆ, ಒಂಚೂರು ಬೆಲ್ಲ ಕೊಡೇ, ಕಣ್ಣು ಕತ್ಲೆ ಬತ್ತದೆ ಅನ್ನುತ್ತಾರೆ, ಹಾಂ, ಬಂತು ನೋಡು ಬೆಲ್ಲದ ಮಾತು, ಶುರುವಾಯಿತು ನಾಟಕ, ಕೈ ಬೇರೆ ನಡುಗಿಸುತ್ತಾರೆ, ತುಟಿಯನ್ನೂ, ಆದರೆ ಬೆವರನ್ನು ಹೇಗೆ ತರಿಸುತ್ತಾರೆ, ನೆಲದ ಮೇಲೆ ಹನಿ ಬೀಳುವ ಬೆವರನ್ನು. ಅತ್ತಿಗೇ, ನಿಂಗೆ ಕೈಮುಗೀತೆ, ಬೆಲ್ಲ ಕೊಡು, ನೀ ಸುಮ್ಮನಿರು ಸೋಮಿ, ನಿನ್ನನ್ನು ನಾನು ನಂಬುವುದಿಲ್ಲ, ಇವರು ನನ್ನ ಮುಖ ನೋಡಿ ಅಬ್ಬೇ ಅನ್ನುತ್ತಿದ್ದಾರೆ, ಎಂದೋ ಸತ್ತ ತಾಯಿಯನ್ನು ಕರೆಯುತ್ತಿದ್ದಾರೆ, ನಾನು ಕಣ್ರೀ, ನಾನು, ಗುರುತು ಸಿಗಲಿಲ್ಲವೇ — ಇರುವೆ ಬಂದಿರಲಿಲ್ಲ, ನೀರು ಚೆಲ್ಲಿರಲಿಲ್ಲ, ಚೊಂಬು ಬಚ್ಚಲಲ್ಲೇ ಇತ್ತು, ನಾನೇ ನೋಡಿದ್ದೆನಲ್ಲ, ಇವರು ಹೇಳಿದ್ದು ನಿಜ, ಸಕ್ಕರೆ ಇಳಿದೇ ಇತ್ತು, ದೇವರೇ, ನಿಜ, ಪೂರ್ತಿ ಸೂಜಿ ಹಾಕಿದವಳು ನಾನು, ಸೋಮಿ ಹಿಡ್ಕೋ ಅಣ್ಣನ್ನ, ಬೀಗ ತೆರೆಯುತ್ತಿಲ್ಲ, ತೆರೆಯಿತು, ಬಾಯಿ ತೆಗೀರಿ, ಇಗೋ ಬೆಲ್ಲ, ನಾನೇ ಕೊಡ್ತೆ, ತೆಗೀರಿ — ಹಲ್ಲು ಕಚ್ಚಿಕೊಂಡಿದೆ, ನನ್ನ ಬೆರಳು ತೂರುತ್ತಿಲ್ಲ, ಬೆಲ್ಲ ಹಲ್ಲಿನ ಮೇಲೆಯೇ ಕರಗಿ ಗಲ್ಲಕ್ಕೆ ಇಳಿಯುತ್ತಿದೆ, ಒಳಗೆ ಹೋಗುತ್ತಿಲ್ಲ, ಕಚ್ಚಿದ ಹಲ್ಲು, ಇನ್ನೂ ಒಂದು ಚೂರು, ಕಚ್ಚಿದ ಹಲ್ಲು