ಆಡಿಸದ ಆಟದ ಪಿರಿಯಡ್ಡುಗಳು

ಇಪ್ಪತ್ತೆಂಟು ವರ್ಷ ಒಂದೇ ಶಾಲೆಯಲ್ಲಿ ಪೀಟಿ ಮೇಷ್ಟ್ರಾಗಿದ್ದು ನಿವೃತ್ತರಾದ ಆ ಮನುಷ್ಯನಿಗೆ ಯಾರಿಗೂ ಇಲ್ಲ ಎನ್ನಲು ಬರುತ್ತಿರಲಿಲ್ಲ. ಗಣಿತದವರು ಬಾಗಿಲಲ್ಲಿ ಇಣುಕಿ, "ಪಾಠ ಮುಗಿದಿಲ್ಲ ಸಾರ್, ಇವತ್ತೊಂದಿನ ನಿಮ್ಮ ಪಿರಿಯಡ್ಡು ಕೊಡ್ತೀರಾ?" ಎಂದರೆ, "ತಗೊಳ್ಳಿ, ಅದಕ್ಕೇನಂತೆ" ಎನ್ನುವರು. ಇವತ್ತೊಂದಿನ ಎಂಬುದು ವಾರವಾಯಿತು, ವಾರ ವರ್ಷವಾಯಿತು, ಕಡೆಗೆ ಕೇಳುವ ಶಾಸ್ತ್ರವೂ ನಿಂತುಹೋಯಿತು. ಮೇಷ್ಟ್ರು ಆಫೀಸಿನಲ್ಲಿ ಕೂತು ಹಾಜರಿ ಪುಸ್ತಕಕ್ಕೆ ಗೆರೆ ಎಳೆದುಕೊಡುತ್ತಿದ್ದರು. ತಿಂಗಳ ಕೊನೆಗೆ ಆಟದ ರಿಜಿಸ್ಟರು ತೆಗೆದು, ಒಂದೊಂದು ದಿನದ ಮುಂದೆ ಓಟ, ಉದ್ದ ಜಿಗಿತ, ಚೆಂಡಾಟ ಎಂದು ಮನಸ್ಸಿಗೆ ಬಂದದ್ದನ್ನು ಬರೆದು ಸಹಿ ಹಾಕುತ್ತಿದ್ದರು. ಚೆಂಡುಗಳು ಬೀರುವಿನೊಳಗೆ ಗಾಳಿ ಕಳೆದುಕೊಂಡು ಸುಕ್ಕುಗಟ್ಟಿದ್ದವು. ಸಹೋದ್ಯೋಗಿಗಳು ಅವರಿಗೆ 'ದಾನಶೂರ' ಎಂದು ಅಡ್ಡಹೆಸರಿಟ್ಟಿದ್ದರು. ಅವರೂ ಸೇರಿಕೊಂಡು ನಗುತ್ತಿದ್ದರು.

ನಿವೃತ್ತರಾದ ಎರಡನೇ ವರ್ಷ ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ಟೈಲರಮ್ಮನ ಅಂಗಡಿಗೆ ಹೋದರು. ಆಕೆ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಹೇಳಿದಳು: "ನಾನೂ ನಿಮ್ಮ ಶಾಲೇಲೇ ಓದಿದ್ದು ಮೇಷ್ಟ್ರೇ. ನೆನಪಿರಲ್ಲ ಬಿಡಿ. ನಮ್ಮನ್ನ ಮೈದಾನಕ್ಕೆ ಕರಕೊಂಡು ಹೋಗಿದ್ರೆ ತಾನೇ ನೆನಪಿರೋದು?"

ಮೇಷ್ಟ್ರು ತಬ್ಬಿಬ್ಬಾದರು. ಆಕೆ ಮಾತು ಮುಂದುವರಿಸಿದಳು. ಆಕೆಯ ಮಗಳು ಅದೇ ಶಾಲೆಯ ಕೊನೆಯ ತರಗತಿಯಲ್ಲಿದ್ದಳು. ಒಂದು ಮಹಡಿ ಹತ್ತಿದರೆ ಏದುಸಿರು ಬಿಡುತ್ತಿದ್ದಳು. ಬೀದಿಯ ತಾಯಂದಿರು ತಂದೆಯರು ಇದೇ ಅಂಗಡಿಯಲ್ಲಿ ಕೂತು ಒಂದು ನಿಯಮ ಬರೆದಿದ್ದರು. ದಿನಕ್ಕೊಂದು ಪಿರಿಯಡ್ಡು ಆಟ ಇರಬೇಕು, ಅದನ್ನು ಯಾವ ಪಾಠಕ್ಕೂ ಕೊಡಕೂಡದು, ಶಿಕ್ಷೆ ಅಂತ ಯಾವ ಮಗುವನ್ನೂ ಆಟ ತಪ್ಪಿಸಿ ಕೂರಿಸಕೂಡದು, ಸರದಿಯ ಮೇಲೆ ಇಬ್ಬರು ಪೋಷಕರು ಬಂದು ನೋಡಬೇಕು.

"ಶನಿವಾರ ಶಾಲೇಲಿ ಸಭೆ ಇದೆ. ಮೊದಲಿಂದಲೂ ಆಟ ಆಡಿಸ್ತಿರಲಿಲ್ಲ ಅಂತ ನೀವು ಒಂದು ಮಾತು ಹೇಳಿದ್ರೆ ಸಾಕು."

"ಬರ್ತೀನಮ್ಮ, ಅದಕ್ಕೇನಂತೆ" ಎಂದರು ಮೇಷ್ಟ್ರು.

ಸಭೆಯಲ್ಲಿ ಹೆಡ್ ಮಾಸ್ಟರು ಹಳೆಯ ರಿಜಿಸ್ಟರುಗಳನ್ನು ಮೇಜಿನ ಮೇಲೆ ಪೇರಿಸಿ, ಒಂದನ್ನು ಮೇಷ್ಟ್ರ ಮುಂದೆ ಹಿಡಿದರು.

"ಇದು ಯಾರ ಸಹಿ ಸಾರ್?"

"ನಂದೇ."

"ಅಂದ್ಮೇಲೆ ಆಟ ನಡೀತಿತ್ತು. ಹೊಸ ನಿಯಮ ಯಾಕೆ?"

ನಲವತ್ತು ಜನ ಮೇಷ್ಟ್ರ ಬಾಯಿಯನ್ನೇ ನೋಡುತ್ತಿದ್ದರು. "ಏನೋ... ನಡೀತಿತ್ತು ಅನ್ನಿ" ಎಂದುಬಿಟ್ಟರು.

ನಿಯಮ ಬರೆದಿದ್ದ ಟೈಲರಮ್ಮನ ಕಾಗದ ಅಷ್ಟಕ್ಕೇ ವಾಪಸ್ಸಾಯಿತು. ಆಕೆ ಗೇಟಿನ ಹತ್ತಿರ, "ಹೋಗಲಿ ಬಿಡಿ ಮೇಷ್ಟ್ರೇ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ಮೇಷ್ಟ್ರಿಗೆ.

ಮನೆಯಲ್ಲಿ ಹೆಂಡತಿ ಮಾತ್ರ ಬಿಡಲಿಲ್ಲ. "ನಿಜ ಹೇಳೋಕೆ ಏನಾಗಿತ್ರೀ?"

"ಮರ್ಯಾದೆ ಹೋಗ್ತಿತ್ತಲ್ಲೇ."

"ಯಾವುದು? ದಾನಶೂರ ಅಂತ ಕರೀತಿದ್ರಲ್ಲ, ಅದಾ?"

ಪೋಷಕರು ಕೈಚೆಲ್ಲಲಿಲ್ಲ. ವರ್ಷವಿಡೀ ಸರದಿಯಲ್ಲಿ ಗೇಟಿನ ಹೊರಗೆ ನಿಂತು, ಯಾವ ತರಗತಿ ಯಾವತ್ತು ಮೈದಾನಕ್ಕೆ ಬಂತು ಎಂದು ಗುರುತು ಹಾಕಿಕೊಂಡರು. ಎಷ್ಟೋ ವಾರ ಹಾಳೆ ಖಾಲಿಯೇ ಉಳಿಯಿತು. ಆ ದಾರಿಯಲ್ಲಿ ತರಕಾರಿಗೆ ಹೋಗುವ ಮೇಷ್ಟ್ರು ಅವರನ್ನು ಕಂಡಾಗಲೆಲ್ಲ ತಲೆ ತಗ್ಗಿಸಿ ರಸ್ತೆ ದಾಟುತ್ತಿದ್ದರು.

ಮರುವರ್ಷದ ಸಭೆಗೆ ಅವರನ್ನು ಯಾರೂ ಕರೆದಿರಲಿಲ್ಲ. ಆದರೂ ಹೋದರು. ಹೆಡ್ ಮಾಸ್ಟರು ರಿಜಿಸ್ಟರಿಗೆ ಕೈ ಹಾಕುವ ಮೊದಲೇ ಎದ್ದು ನಿಂತರು.

"ಅದರಲ್ಲಿರೋ ನನ್ನ ಸಹಿಗಳು ಮುಕ್ಕಾಲು ಪಾಲು ಸುಳ್ಳು. ನಾನು ಆಡಿಸಲಿಲ್ಲ. ಕೇಳಿದವರಿಗೆಲ್ಲ ಪಿರಿಯಡ್ಡು ಕೊಟ್ಟುಬಿಟ್ಟೆ. ಅದು ಮಕ್ಕಳದ್ದು, ನನ್ನದಲ್ಲ ಅಂತ ಆಗ ಹೊಳೀಲಿಲ್ಲ."

ಹಿಂದಿನ ಸಾಲಿನಲ್ಲಿದ್ದ ಗಣಿತದವರು ಕನ್ನಡಕ ತೆಗೆದು ಒರೆಸುತ್ತಾ, "ತಗೊಂಡಿದ್ದು ನಾನೇ" ಎಂದರು.

ನಿಯಮ ಅಂದೇ ಒಪ್ಪಿಗೆಯಾಯಿತು. ಮುಂದಿನ ವಾರದಿಂದಲೇ ಮೈದಾನದಲ್ಲಿ ಮಕ್ಕಳ ಗಲಾಟೆ ಶುರುವಾಯಿತು.

ಸಭೆ ಮುಗಿದ ಕೂಡಲೇ ಸುದ್ದಿ ಹೇಳಲು ಮೇಷ್ಟ್ರು ಅಂಗಡಿಗೆ ಓಡೋಡಿ ಬಂದಿದ್ದರು. ಮಗಳು ಶಾಲೆ ಮುಗಿಸಿ ಬೇರೆ ಕಡೆ ಸೇರಿದ್ದರಿಂದ ಟೈಲರಮ್ಮ ಈಗ ಪೋಷಕರ ಗುಂಪಿನಲ್ಲಿರಲಿಲ್ಲ, ಸಭೆಗೂ ಬಂದಿರಲಿಲ್ಲ. ಹುಡುಗಿ ಬಟ್ಟೆಯ ರಾಶಿಯ ಪಕ್ಕ ಕೂತು ಓದುತ್ತಿದ್ದಳು.

"ಸಂಜೆ ಮೈದಾನಕ್ಕೆ ಬಾ ಮಗೂ, ಓಡೋದು ಕಲಿಸ್ತೀನಿ."

"ಟ್ಯೂಷನ್ ಇದೆ ಅಜ್ಜ" ಎಂದು ಆಕೆ ಪುಸ್ತಕದಿಂದ ತಲೆ ಎತ್ತದೆಯೇ ಹೇಳಿದಳು.

ಟೈಲರಮ್ಮ ಮಷೀನು ನಿಲ್ಲಿಸಿದಳು. "ಒಳ್ಳೇದಾಯ್ತು ಮೇಷ್ಟ್ರೇ, ನಿಜವಾಗ್ಲೂ. ಹೋದ ವರ್ಷವೇ ಹೇಳಿದ್ದಿದ್ರೆ ಇವಳಿಗೂ ಒಂದು ವರ್ಷ ಸಿಕ್ತಿತ್ತು, ಅಷ್ಟೇ."

ಮೇಷ್ಟ್ರು ಅಂಗಡಿಯ ಮೆಟ್ಟಿಲಿಳಿದರು. ಮೈದಾನದ ದಾರಿ ಹತ್ತಿರವಾಗುತ್ತಿತ್ತು. ಅದನ್ನು ಬಿಟ್ಟು ಸುತ್ತುದಾರಿಯಲ್ಲಿ ಮನೆಗೆ ನಡೆದರು.