ಮಿಡತೆಯ ಹೆಸರಿನ ಕಾರ್ಡು

"ಕಾರ್ಡಿನ ಮೇಲಿರುವ ಹೆಸರು ಹೇಳಿ" ಎಂದಿತು ಫೋನಿನಾಚೆಯ ಹೆಣ್ಣುದನಿ.

ಹುಡುಗಿ ಸುತ್ತ ನೋಡಿದಳು. ಹಲ್ಲಿನ ಸೆಟ್ಟು ತಯಾರಿಸುವ ಆ ಪುಟ್ಟ ಲ್ಯಾಬಿನಲ್ಲಿ ಮೇಸ್ತ್ರಿಯೂ ಇನ್ನಿಬ್ಬರೂ ಬೆನ್ನು ಬಗ್ಗಿಸಿ ಕೂತಿದ್ದರು. ಅವಳೆದುರು ಯಾರದೋ ಕೆಳದವಡೆ, ಗುಲಾಬಿ ಮೇಣದಲ್ಲಿ ಅರ್ಧ ನೆಟ್ಟ ಹಲ್ಲುಗಳೊಂದಿಗೆ, ಅವಳನ್ನೇ ನೋಡಿ ನಗುತ್ತಿತ್ತು.

"ಮಿಡತೆ" ಎಂದಳು ಮೆಲ್ಲಗೆ.

"ಕೇಳಿಸ್ತಿಲ್ಲ ಮೇಡಂ. ಸ್ವಲ್ಪ ಜೋರಾಗಿ?"

"ಮಿಡತೆ."

"ಕ್ಷಮಿಸಿ ಮೇಡಂ, ಇನ್ನೊಂದ್ಸಲ..."

"ಮಿಡತೆ ರೀ, ಮಿಡತೆ! ಹುಲ್ಲಲ್ಲಿ ಹಾರುತ್ತಲ್ಲ, ಅದು!"

ಸೆಟ್ಟಿನ ಹಲ್ಲು ಉಜ್ಜುವ ಯಂತ್ರ ನಿಂತಿತು. ಮೇಸ್ತ್ರಿ ಕನ್ನಡಕವನ್ನು ಹಣೆಗೇರಿಸಿ ಅವಳ ಕಡೆ ನೋಡಿದ.

"ಧನ್ಯವಾದ ಮಿಡತೆ ಮೇಡಂ. ನಮ್ಮಿಂದ ಏನಾಗಬೇಕಿತ್ತು?"

"ಈ ಕಾರ್ಡು ಮುಚ್ಚಬೇಕು."

"ಮುಚ್ಚೋದ್ಯಾಕೆ ಮೇಡಂ? ಇದಕ್ಕಿಂತ ಒಳ್ಳೇ ಕಾರ್ಡು ನಿಮಗೇ ಅಂತ ಇದೆ. ಮೊದಲ ವರ್ಷ ಉಚಿತ."

"ಜಾಸ್ತಿ ಆಯ್ತು ಅಂತ ಮುಚ್ಚೋಕೆ ಬಂದ್ರೆ ಇನ್ನೊಂದು ಕೊಡ್ತೀರಾ?"

"ಎರಡನೇ ವರ್ಷವೂ ಅರ್ಧ ಉಚಿತ ಮೇಡಂ."

ಅದಾದ ಮೇಲೆ ಸಂಗೀತ ಬಂತು. ಸಂಗೀತ ಮುಗಿದ ಮೇಲೆ ಇನ್ನೊಬ್ಬ ಬಂದ. ದಾಖಲೆಯಲ್ಲಿರುವ ಹೆಸರೇ ಬೇರೆ, ಕಾರ್ಡಿನ ಮೇಲಿನ ಹೆಸರೇ ಬೇರೆ. ಆದ್ದರಿಂದ ಮುಚ್ಚಬೇಕಾದರೆ ಅರ್ಜಿ ತುಂಬಿಸಿದ ಪ್ರತಿನಿಧಿಯ ಸಹಿ ತರಬೇಕು ಎಂದ. ಮತ್ತೇನಾದರೂ ಸಹಾಯ ಬೇಕೇ ಎಂದೂ ಕೇಳಿದ. ಅವಳು ಫೋನಿಟ್ಟಳು.

"ಏನಮ್ಮಾ ಮಿಡತೆ" ಎಂದ ಮೇಸ್ತ್ರಿ, ಆ ಹೆಸರನ್ನು ಬಾಯಲ್ಲಿಟ್ಟು ಚಪ್ಪರಿಸುತ್ತ. "ಆ ದವಡೆ ಸಂಜೆಗೆ ಸಿಗುತ್ತೋ, ಇಲ್ಲಾ ಹಾರಿ ಹೋಗುತ್ತೋ?"

ಎರಡು ವರ್ಷ ಆ ಲ್ಯಾಬಿನಲ್ಲಿ ಉದ್ದನೆಯ, ಗೌರವದ, ಶಾಲೆಯಲ್ಲಿ ಬರೆಸಿದ ಹೆಸರಿನಿಂದ ಬಾಳಿದ್ದಳು. ಅದು ಅವತ್ತಿಗೆ ಮುಗಿಯಿತು.

ಈ ಅವಾಂತರಕ್ಕೆ ಮೂಲ ಒಂದು ಕೋಣೆ. ಲ್ಯಾಬಿನಿಂದ ಎರಡು ಬೀದಿ ಆಚೆ, ಮಹಡಿಯ ಮೇಲೆ, ಒಂದು ಕಿಟಕಿ, ಒಂದು ಒಲೆ, ಒಳಗಿನಿಂದ ಚಿಲಕವಿರುವ ಒಂದು ಬಾಗಿಲು. ಮನೆಯಲ್ಲಿ ಅವಳು ಅಜ್ಜಿಯ ಮಂಚದ ಅಂಚಿನಲ್ಲಿ ಮಲಗುತ್ತಿದ್ದಳು. ಕೆಲಸಕ್ಕೆ ಎರಡು ಬಸ್ಸು ಬದಲಾಯಿಸುತ್ತಿದ್ದಳು. ಇಪ್ಪತ್ತಮೂರು ವರ್ಷಕ್ಕೆ ತಾನೇ ಹಾಕಿಕೊಳ್ಳಬಹುದಾದ ಚಿಲಕ ಎಂದರೆ ಬಚ್ಚಲುಮನೆಯದೊಂದೇ, ಅದನ್ನೂ ಯಾರಾದರೂ ಬಡಿಯುತ್ತಿದ್ದರು. ಆ ಕೋಣೆ ಅವಳಿಗೆ ಬೇಕೇ ಬೇಕಿತ್ತು.

ಕೋಣೆಯ ಒಡತಿ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದವಳು. ಕೆಲಸ ಬಿಟ್ಟಿದ್ದಳು, ತಪಾಸಣೆ ಬಿಟ್ಟಿರಲಿಲ್ಲ.

"ಪರ್ಸು ತೆಗಿ" ಎಂದಿದ್ದಳು ಮೊದಲ ಭೇಟಿಯಲ್ಲೇ. "ಕ್ರೆಡಿಟ್ ಕಾರ್ಡು ಎಷ್ಟಿದೆ ತೋರ್ಸು."

ನಾಲ್ಕು ಬಂದವು.

"ಹೂಂ. ಹಿಂದೆ ಇದ್ದವನ ಹತ್ರ ಏಳಿತ್ತು. ಕಾರ್ಡು ಏಳು, ಬಾಡಿಗೆ ಸೊನ್ನೆ. ಏನು ಕೇಳಿದ್ರೂ 'ಹೂಂ ಮೇಡಂ, ಆಯ್ತು ಮೇಡಂ.' ಒಂದಿನ ನೋಡ್ತೀನಿ, ಬಲ್ಬೂ ಬಿಚ್ಕೊಂಡು ಹೋಗಿದ್ದಾನೆ. ನಿನ್ನ ವಯಸ್ಸಿಗೆ ಒಂದು ಸಾಕು. ಒಂದೇ ಇಟ್ಕೊಂಡು ಭಾನುವಾರ ಬಾ, ಮಾತಾಡೋಣ."

"ಹೂಂ ಮೇಡಂ" ಎಂದುಬಿಟ್ಟಳು ಹುಡುಗಿ. ಅದೇ ಅವಳ ರೋಗ.

ಆ ನಾಲ್ಕರಲ್ಲಿ ಸಂಬಳದ ಬ್ಯಾಂಕಿನದೊಂದು ಮಾತ್ರ ಅವಳಾಗಿ ಪಡೆದದ್ದು. ಎರಡನೆಯದು ಅಪ್ಪನ ಒತ್ತಾಯದ್ದು. ಅಪ್ಪ ಶಾಲೆಯ ವ್ಯಾನು ಓಡಿಸುತ್ತಿದ್ದ. ಸ್ಟೆಪ್ನಿ ಇಲ್ಲದೆ ಮನೆಯಿಂದ ಹೊರಡಬಾರದು ಎಂಬುದು ಅವನ ಜೀವನದರ್ಶನ. ಮೂರನೆಯದು ಅಕ್ಕ ಮಾಡಿಸಿದ್ದು. ಪರಿಚಯಿಸಿದವರಿಗೆ ಸೂಟ್‌ಕೇಸು ಉಚಿತವಿತ್ತು, ಸೂಟ್‌ಕೇಸು ಅಕ್ಕನಿಗೆ ಸೇರಿತು. ಮೂರಕ್ಕೂ ಹುಡುಗಿ ಕೋಲೆಬಸವನ ಹಾಗೆ ತಲೆಯಾಡಿಸಿದ್ದಳು.

ನಾಲ್ಕನೆಯದು ಚಿಕ್ಕಪ್ಪನದು.

ಚಿಕ್ಕಪ್ಪ ಮಾಡದ ಕೆಲಸವಿರಲಿಲ್ಲ. ಅವನ ಕೈಯಲ್ಲಿ ಉಳಿದ ಕೆಲಸವೂ ಇರಲಿಲ್ಲ. ಅವನು ಹಿಡಿದು ಬಿಟ್ಟ ಉದ್ಯೋಗಗಳ ಚರಿತ್ರೆಯನ್ನು ಆ ಮನೆಯ ಅಟ್ಟದ ಮೇಲೆ ಓದಬಹುದಿತ್ತು. ಪೆಟ್ಟಿಗೆ ಒಡೆಯದ ಕಸ ಹೀರುವ ಯಂತ್ರ, ನೀರಿನ ಫಿಲ್ಟರು ಎರಡು, ಬೆನ್ನುನೋವಿನ ದಿಂಬು, ಮತ್ತೆ ಒಂದು ವಿಶ್ವಕೋಶದ ಮೊದಲ ಕೆಲವು ಸಂಪುಟಗಳು. ಉಳಿದವು ಅಚ್ಚಾಗುವ ಮೊದಲೇ ಕಂಪನಿ ಮುಳುಗಿತ್ತು. ಹಾಗಾಗಿ ಆ ಮನೆಯವರ ಲೋಕಜ್ಞಾನ 'ತ' ಅಕ್ಷರಕ್ಕೆ ನಿಂತಿತ್ತು. ಪ್ರತಿ ಸಲವೂ ಅವನ ಬೋಣಿ ಅಣ್ಣನ ಮನೆಯಲ್ಲೇ. ಈಗ ಐವತ್ತು ದಾಟಿದ ಮೇಲೆ ಟೈ ಕಟ್ಟಿ, ದಿನಸಿ ಅಂಗಡಿಯ ಬಾಗಿಲಲ್ಲಿ ಮೇಜು ಹಾಕಿ, ಬ್ಯಾಂಕಿನ ಕಾರ್ಡು ಮಾರುತ್ತಿದ್ದ. ಒಂದು ಬೆಳಿಗ್ಗೆ, ಅವಳು ಬಸ್ಸಿಗೆ ಹೊರಟ ಅವಸರದಲ್ಲಿ, ಅವನೇ ಅರ್ಜಿ ತುಂಬಿ ಅವಳಿಂದ ಸಹಿ ಮಾಡಿಸಿಕೊಂಡ. 'ಕಾರ್ಡಿನ ಮೇಲೆ ಬರಬೇಕಾದ ಹೆಸರು' ಎಂಬಲ್ಲಿ ಅವಳು ಹುಟ್ಟಿದಾಗಿನಿಂದ ತಾನು ಕರೆಯುತ್ತಿದ್ದ ಹೆಸರನ್ನು ದಪ್ಪಕ್ಷರದಲ್ಲಿ ಬರೆದ. ಬ್ಯಾಂಕು ಅದನ್ನೇ ಬೆಳ್ಳಿ ಬಣ್ಣದಲ್ಲಿ ಒತ್ತಿ ಕಳಿಸಿತು.

ಕಾರ್ಡು ಮುಚ್ಚಲು ಸಹಿ ಬೇಕಿದ್ದ ಕಾಗದ ಹಿಡಿದು ಹುಡುಗಿ ಮನೆಗೆ ಬಂದಾಗ ಚಿಕ್ಕಪ್ಪ ಟೈ ಸಡಿಲಿಸಿ ಊಟಕ್ಕೆ ಕೂತಿದ್ದ. ಅಕ್ಕನೂ ಬಂದಿದ್ದಳು. ಅಪ್ಪನ ಕಾರ್ಡು, ಅಕ್ಕನ ಕಾರ್ಡು ಎರಡನ್ನೂ ಮುಚ್ಚಿಸಿಯಾಯಿತು ಎಂದು ಅವಳು ಹೇಳಿದ್ದೇ ತಡ, ತಟ್ಟೆಗಳ ಸುತ್ತ ಪಂಚಾಯಿತಿ ಸೇರಿತು.

"ಸ್ಟೆಪ್ನಿ ಬಿಸಾಕಿದ್ಯಾ?" ಅಪ್ಪ ತುತ್ತು ಬಿಟ್ಟ. "ನಡು ದಾರೀಲಿ ಪಂಕ್ಚರ್ ಆದ್ರೆ?"

"ನನಗೆ ಚಕ್ರ ಇಲ್ಲಪ್ಪಾ."

"ಸೂಟ್‌ಕೇಸ್ ವಾಪಸ್ ಕೇಳ್ತಾರೇನೇ?" ಇದು ಅಕ್ಕ.

"ಒಂದೂ ಬೇಡ ಅಂತ ಮೊದಲ ದಿನವೇ ಬಡ್ಕೊಂಡೆ" ಎಂದಳು ಅಮ್ಮ. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು."

"ಹಾಸಿಗೆ ಎಲ್ಲಮ್ಮಾ ಇದೆ? ಅಜ್ಜಿ ಕಾಲು ಚಾಚಿದ ಮೇಲೆ ಉಳಿದದ್ದು ನನಗೆ."

"ನಾನೇನು ಒದ್ದೆನಾ?" ಎಂದಳು ಅಜ್ಜಿ. "ನನ್ನ ಕೇಳಿದ್ರೆ, ಬಟ್ಟೆಗೆ ಎಷ್ಟು ಜೇಬಿದೆಯೋ ಅಷ್ಟು ಕಾರ್ಡು. ನಿನ್ನ ಬಟ್ಟೆಗೆ ಒಂದೂ ಇಲ್ಲ. ಲೆಕ್ಕ ಮುಗೀತು."

"ವಿಶ್ವಕೋಶದಲ್ಲಿ ನೋಡೋಣ ಅಂದ್ರೆ ಸಾಲ 'ಸ'ದಲ್ಲಿ ಬರುತ್ತೆ" ಎಂದು ಅಕ್ಕ ಚಿಕ್ಕಪ್ಪನನ್ನು ಕುಟುಕಿದಳು. ಅವನು ತಲೆ ಎತ್ತದೆ ಉಣ್ಣುತ್ತಿದ್ದ.

ಹುಡುಗಿಗೆ ತಲೆ ಚಿಟ್ಟು ಹಿಡಿಯಿತು. ಸಂಬಳ ಅವಳದು, ಪರ್ಸು ಅವಳದು, ಮೇಣದಲ್ಲಿ ಸುಟ್ಟ ಬೆರಳೂ ಅವಳದೇ. ಎಣಿಕೆ ಮಾತ್ರ ಊರವರದು. ಕಾಗದವನ್ನು ಚಿಕ್ಕಪ್ಪನ ತಟ್ಟೆಯ ಪಕ್ಕ ಇಟ್ಟಳು.

"ಸಹಿ ಹಾಕಿ."

"ಏನಾಯ್ತು ಮಿಡತೆ?"

"ಅದೇ ಆಯ್ತು! ಲ್ಯಾಬಲ್ಲಿ ಎಲ್ಲರ ಬಾಯಲ್ಲೂ ಅದೇ. ಇವತ್ತು ಆಳೆತ್ತರದ ಗಂಡಸೊಬ್ಬ 'ಮಿಡತೆ, ಪ್ಲಾಸ್ಟರ್ ಕೊಡು' ಅಂದ. ಯಾವ ಬುದ್ಧಿಯಿಂದ ಅದನ್ನ ಬರೆದ್ರಿ? ನನಗೊಂದು ಹೆಸರಿಲ್ವಾ?"

"ಇದೆ."

"ಏನು ಹೇಳಿ?"

ಚಿಕ್ಕಪ್ಪ ಕೈಯಲ್ಲಿದ್ದ ತುತ್ತನ್ನು ನೋಡಿದ. ಆಮೇಲೆ ಅಣ್ಣನನ್ನು ನೋಡಿದ. ಅಪ್ಪ ನೀರಿನ ಲೋಟದಲ್ಲಿ ಮುಖ ಮುಚ್ಚಿಕೊಂಡ.

"ಉದ್ದ ಇದೆ" ಎಂದ ಚಿಕ್ಕಪ್ಪ ಕೊನೆಗೆ. "ಅದು ಗೊತ್ತು."

ಅಜ್ಜಿ ಫಕ್ಕನೆ ನಕ್ಕಳು. ಬೇರೆ ಯಾರೂ ನಗಲಿಲ್ಲ.

"ಇಪ್ಪತ್ತಮೂರು ವರ್ಷ" ಎಂದಳು ಹುಡುಗಿ. "ಹೆಗಲ ಮೇಲೆ ಹೊತ್ತು ತಿರುಗಿದ್ದೀರಿ. ಹೆಸರು ಗೊತ್ತಿಲ್ಲ."

"ಕೂಗೋಕೆ ಬೇಕಾಗ್ಲೇ ಇಲ್ಲ ಕಣೇ" ಎಂದ. ಎಡಗೈಯಲ್ಲೇ ಜೇಬಿನಿಂದ ಪೆನ್ನು ತೆಗೆದು, ಹಲ್ಲಿನಿಂದ ಅದರ ಮುಚ್ಚಳ ಕಚ್ಚಿ ಎಳೆದ. "ಎಲ್ಲಿ ಹಾಕಬೇಕು ತೋರ್ಸು."

"ಹಾಕು, ಹಾಕು" ಎಂದಳು ಅಮ್ಮ ಸಾರಿನ ಸೌಟು ಹಿಡಿದೇ. "ತಿಂಗಳ ಕೊನೆಗೆ ಒಂದು ಕಾರ್ಡು ಕಮ್ಮಿ ಆದ್ರೂ ಮನೆಗೆ ಕಳಿಸ್ತೀನಿ ಅಂತ ನಿನ್ನ ಸಾಹೇಬ ಹೇಳಿಲ್ವಾ?"

"ಅತ್ತಿಗೆ, ಸುಮ್ನಿರಿ."

"ನಾನ್ಯಾಕೆ ಸುಮ್ನಿರಲಿ? ಮಗನ ವಯಸ್ಸಿನ ಸಾಹೇಬ ನಿಲ್ಲಿಸಿ ಬೈತಾನೆ ಅಂತ ಇದೇ ಜಾಗದಲ್ಲಿ ಕೂತು ಹೇಳಿದ್ಯಲ್ಲ."

ಚಿಕ್ಕಪ್ಪ ಬಾಯಲ್ಲಿ ಮುಚ್ಚಳ ಕಚ್ಚಿಕೊಂಡೇ ಕಾಗದದ ಮೇಲೆ ಸಹಿಯ ಜಾಗ ಹುಡುಕುತ್ತಿದ್ದ. ಅಕ್ಷರ ಕಾಣಲೆಂದು ಅದನ್ನು ದೂರ ಹಿಡಿದಿದ್ದ. ಹುಡುಗಿಗೆ ಅವನ ಮೇಲೂ ಅಮ್ಮನ ಮೇಲೂ ಮೊದಲಿಗಿಂತ ಹೆಚ್ಚು ಸಿಟ್ಟು ಬಂತು. ಇಂಥ ವಿಷಯವನ್ನು ಇವರು ಮೊದಲೇ ಹೇಳುವುದಿಲ್ಲ. ಪೆನ್ನು ತೆಗೆದ ಮೇಲೆ ಹೇಳುತ್ತಾರೆ. ಕಾಗದವನ್ನು ಅವನ ಕೈಯಿಂದ ಕಿತ್ತುಕೊಂಡು ನಾಲ್ಕಾಗಿ ಮಡಚಿದಳು.

"ಉಣ್ಣಿ" ಎಂದಳು.

ಭಾನುವಾರ ಅವಳು ಒಬ್ಬಳೇ ಹೋಗಬೇಕೆಂದಿದ್ದಳು. ಅಕ್ಕ, ವಾಪಸ್ ಕೇಳುವ ಮೊದಲೇ ಬಳಕೆಯಾಗಲಿ ಎಂದು ಸೂಟ್‌ಕೇಸು ತಂದುಕೊಟ್ಟಳು. ಅದನ್ನು ಹೊರಲು ಚಿಕ್ಕಪ್ಪ ಬಂದ. ಕೋಣೆ ಇನ್ನೂ ಸಿಕ್ಕಿಲ್ಲ ಎಂದರೆ "ಸಿಗುತ್ತೆ ಬಿಡು" ಎಂದ. ರಜೆಯ ದಿನವೂ ಟೈ ಕಟ್ಟಿದ್ದ. ಎರಡೂ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ತುಟಿ ಅಲ್ಲಾಡಿಸುತ್ತ ಕೂತಿದ್ದ. ವಯಸ್ಸಾಯಿತು, ತನ್ನಷ್ಟಕ್ಕೇ ಮಾತಾಡುತ್ತಾನೆ ಎಂದುಕೊಂಡಳು.

ಒಡತಿ ಗೇಟಿನಲ್ಲೇ ಕೈ ಚಾಚಿದಳು. "ಪರ್ಸು."

ಹುಡುಗಿ ಎರಡು ಕಾರ್ಡು ಕೊಟ್ಟಳು.

"ಒಂದು ಅಂದಿದ್ದೆ."

"ಎರಡಿದೆ ಮೇಡಂ."

"ಕಾಣುತ್ತೆ. ಇದ್ಯಾರು, ಮಿಡತೆ?" ಒಡತಿ ಕಾರ್ಡನ್ನು ಬೆಳಕಿಗೆ ಹಿಡಿದಳು, ನಕಲಿ ಟಿಕೆಟು ನೋಡುವವಳ ಹಾಗೆ. "ಬೇರೆಯವರ ಕಾರ್ಡು ಇಟ್ಕೊಂಡಿದ್ಯಾ?"

"ನಾನೇ. ಮನೇಲಿ ಕರೆಯೋದು ಹಾಗೆ."

"ನಮಸ್ಕಾರ ಮೇಡಂ" ಎಂದು ಚಿಕ್ಕಪ್ಪ ಸೂಟ್‌ಕೇಸು ಕೆಳಗಿಟ್ಟು ಮುಂದೆ ಬಂದ. "ನಿಮ್ಮಂಥ ಹಿರಿಯರಿಗೇ ಅಂತ ನಮ್ಮಲ್ಲೊಂದು ಕಾರ್ಡು..."

"ಚಿಕ್ಕಪ್ಪಾ!"

ಅವನು ಹಿಂದೆ ಸರಿದ. ಒಡತಿ ಅವನ ಟೈಯನ್ನೊಮ್ಮೆ, ಕಾರ್ಡನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿದಳು. ಅರ್ಥವಾಯಿತೋ ಇಲ್ಲವೋ, ಮುಖದಲ್ಲೇನೂ ತೋರಲಿಲ್ಲ.

"ಕತ್ತರಿ ಒಳಗಿದೆ" ಎಂದಳು. "ಈ ಹುಳದ್ದನ್ನ ಇಲ್ಲೇ ಕತ್ತರಿಸು. ಕೀ ಕೊಡ್ತೀನಿ."

ಮೇಲೆ, ಮಹಡಿಯ ಕಿಟಕಿ ತೆರೆದಿತ್ತು. ಬಾಗಿಲಿನ ಚಿಲಕ ಇಲ್ಲಿಂದ ಕಾಣುತ್ತಿರಲಿಲ್ಲ. ಹುಡುಗಿಯ ಬಾಯಿಗೆ 'ಹೂಂ' ಬಂದೇಬಿಟ್ಟಿತ್ತು, ಅಭ್ಯಾಸ. ಅದನ್ನು ನುಂಗಿದಳು.

"ಇಲ್ಲ ಮೇಡಂ."

"ಏನಂದೆ?"

"ಕತ್ತರಿಸಲ್ಲ. ಅಪ್ಪನಿಗೆ ಎರಡಿರಬೇಕು, ಅಮ್ಮನಿಗೆ ಒಂದೂ ಇರಬಾರದು, ಅಜ್ಜಿ ಜೇಬು ಎಣಿಸ್ತಾಳೆ, ನೀವು ಒಂದು ಅಂತೀರಿ, ಬ್ಯಾಂಕಿನವರು ಇನ್ನೊಂದು ತಗೋ ಅಂತಾರೆ. ಸಾಕಾಯ್ತು ನನಗೆ. ಎರಡಿದೆ, ಎರಡೇ ಇರುತ್ತೆ. ಅದ್ರಲ್ಲೊಂದನ್ನ ನಾನು ಉಜ್ಜೋದೇ ಇಲ್ಲ, ಸುಮ್ನೆ ಇಟ್ಕೋತೀನಿ. ಯಾಕೆ ಅನ್ನೋದು ನನ್ನ ಲೆಕ್ಕ. ಬಾಡಿಗೆ ತಪ್ಪಿದ್ರೆ ಕೇಳಿ, ಆಗ ಹೊರಗೆ ಹಾಕಿ. ಪರ್ಸು ಮಾತ್ರ ಇನ್ಮೇಲೆ ತೋರಿಸಲ್ಲ."

ಚಿಕ್ಕಪ್ಪ ಸೂಟ್‌ಕೇಸಿನ ಹಿಡಿಗೆ ಕೈ ಹಾಕಿದ, ವಾಪಸ್ ಹೊರಡಲು. "ಬಾ ಮಿಡತೆ" ಎಂದ.

ಒಡತಿ ಎರಡೂ ಕಾರ್ಡನ್ನು ಅವಳ ಕೈಗೆ ಹಾಕಿ ಒಳಗೆ ಹೋದಳು. ಬಾಗಿಲು ಹಾಕಲಿಲ್ಲ. ಅವರಿಬ್ಬರೂ ಏನು ಮಾಡುವುದೆಂದು ತಿಳಿಯದೆ ಗೇಟಿನಲ್ಲೇ ನಿಂತರು. ಒಡತಿ ಮರಳಿ ಬಂದಾಗ ಅವಳ ಒಂದು ಕೈಯಲ್ಲಿ ಕೀಲಿ ಇತ್ತು, ಇನ್ನೊಂದರಲ್ಲಿ ಬಾಡಿಗೆ ಕರಾರಿನ ಕಾಗದ.

"ಆ ಬಲ್ಬಿನವನು ಒಂದು ದಿನಕ್ಕೂ 'ಇಲ್ಲ' ಅಂದಿರಲಿಲ್ಲ" ಎಂದು ಗೊಣಗಿದಳು. "ಬಲ್ಬು ನೀನೇ ತಂದ್ಕೋಬೇಕು. ಹೆಸರು ಏನಂತ ಬರೀಲಿ? ಹುಳದ್ದು ಬೇಡ, ನೆಟ್ಟಗಿರೋದು."

ಹುಡುಗಿ ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ಹೇಳಿದ. ಟೈ ಸರಿಮಾಡಿಕೊಂಡು, ಪಾಠ ಒಪ್ಪಿಸುವವನ ಹಾಗೆ, ನಡುವೆ ಉಸಿರು ತೆಗೆದುಕೊಂಡು, ಅವಳ ಉದ್ದನೆಯ ಹೆಸರನ್ನು ಇಡಿಯಾಗಿ ಹೇಳಿದ. ಬಸ್ಸಿನಲ್ಲಿ ತುಟಿ ಅಲ್ಲಾಡುತ್ತಿದ್ದದ್ದು ಅದಕ್ಕೆ.

ಒಂದಕ್ಷರ ತಪ್ಪಿತ್ತು. ಬಿಟ್ಟುಬಿಡೋಣ ಎಂದು ಒಂದು ಗಳಿಗೆ ಅನ್ನಿಸಿತು ಅವಳಿಗೆ. ಆದರೆ ಹೆಸರು ತಾಳೆಯಾಗದೆ ಬ್ಯಾಂಕಿನ ಫೋನಿನಲ್ಲಿ ಕೇಳಬೇಕಾಗಿ ಬಂದ ಆ ಸಂಗೀತ ನೆನಪಾಯಿತು.

"'ನ' ಅಲ್ಲ, 'ಣ' ಚಿಕ್ಕಪ್ಪ" ಎಂದು ಅಲ್ಲೇ ತಿದ್ದಿದಳು.